ಎಂಟನೇ ಪಾಳಿ ಕಾಣದ ಕ್ವೆರಿ: ನೀರಿನ ಸರದಿಯ ಲೆಕ್ಕದಲ್ಲಿ ಶೇಷ ಕುರಿತ ಒಂದು ಪ್ರಕರಣ ಅಧ್ಯಯನ

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ರಾಯಚೂರು ಜಿಲ್ಲೆಯ ಒಂದು ವಿತರಣಾ ಕಾಲುವೆಯ ನೀರನ್ನು ಹಂಚುವ ನೀರು ಬಳಕೆದಾರರ ಸಹಕಾರ ಸಂಘವೊಂದು ತನ್ನ ಪಾಳಿ ಪಟ್ಟಿಯನ್ನು ಎಕ್ಸೆಲ್ ಹಾಳೆಯಿಂದ ಡೇಟಾಬೇಸ್‌ಗೆ ವರ್ಗಾಯಿಸಿದ ಬಳಿಕ ನಡೆದ ಸಂಗತಿಗಳ ದಾಖಲೆ ಇದು. ಸಂಘದ ಹೆಸರು, ಕಾಲುವೆಯ ಸಂಖ್ಯೆ, ಊರು ಮತ್ತು ವ್ಯಕ್ತಿಗಳ ಗುರುತನ್ನು ಪೂರ್ತಿ ಬಿಡಲಾಗಿದೆ; ಜಮೀನಿನ ವಿಸ್ತೀರ್ಣ ಹಾಗೂ ದಿನಗಳ ಸಂಖ್ಯೆಯನ್ನು ಗುರುತು ಸಿಗದಷ್ಟು ಬದಲಿಸಲಾಗಿದೆ. ಲೆಕ್ಕದ ಸ್ವರೂಪ, ತಪ್ಪು ನಡೆದ ಕ್ರಮ ಮತ್ತು ಪ್ರತಿ ಹಂತದಲ್ಲಿ ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದಂತೆಯೇ ಇವೆ. ಕ್ವೆರಿಗಳನ್ನು, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆದೇಶಗಳನ್ನು, ಪರಿಶೀಲಿಸಲು ಸಂಘದವರು ಹೊರಗಿನಿಂದ ಕರೆಸಿದ್ದವರಲ್ಲಿ ನಾನೂ ಒಬ್ಬನಾಗಿದ್ದರಿಂದ, ಇಲ್ಲಿ ಬರೆದಿರುವುದೆಲ್ಲ ಆ ಕಡತಗಳನ್ನು ಮತ್ತು ಕ್ವೆರಿಗಳ ಹಳೆಯ ಆವೃತ್ತಿಗಳನ್ನು ಓದಿ ತಿಳಿದದ್ದು.

ಹಿನ್ನೆಲೆ

ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆಯಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಿಗೆ ಬರುವ ಹೊತ್ತಿಗೆ ನೀರು ಎಷ್ಟು ಉಳಿದಿರುತ್ತದೆ ಎಂಬುದೇ ಇಲ್ಲಿನ ಪ್ರತಿ ಹಂಗಾಮಿನ ಮೊದಲ ಪ್ರಶ್ನೆ. ಮೇಲ್ಭಾಗದಲ್ಲಿ ಭತ್ತದ ಗದ್ದೆ ಹೆಚ್ಚಿದಂತೆ ಕೆಳಭಾಗದ ಹತ್ತಿ, ಮೆಣಸಿನಕಾಯಿ, ಜೋಳದ ಹೊಲಗಳಿಗೆ ನೀರು ತಡವಾಗುತ್ತದೆ. ಕೆಳಭಾಗದ ರೈತರು ಗೇಜ್ (ಕಾಲುವೆಯ ನೀರಿನ ಮಟ್ಟ) ನಿರ್ವಹಣೆಗಾಗಿ ರಸ್ತೆಯಲ್ಲಿ ಕೂರುವುದು ಈ ಭಾಗದಲ್ಲಿ ಹೊಸ ಸುದ್ದಿಯಲ್ಲ. ಕಾಲುವೆಯ ಮೇಲ್ಭಾಗ ಮತ್ತು ಕೆಳಭಾಗದ ನಡುವೆ ಇರುವ ಈ ತಾರತಮ್ಯ ಒಂದೇ ವಿತರಣಾ ಕಾಲುವೆಯೊಳಗೂ ಇರುತ್ತದೆ: ಮೊದಲ ತೂಬಿನವರು ಮೇಲ್ಭಾಗದವರು, ಕೊನೆಯ ತೂಬಿನವರು ಕೆಳಭಾಗದವರು.

ನಾವು ನೋಡಿದ ಸಂಘದ ವ್ಯಾಪ್ತಿಯಲ್ಲಿ ಎಂಟು ತೂಬುಗಳಿದ್ದವು. ಒಂದೊಂದು ತೂಬಿನ ರೈತರದು ಒಂದೊಂದು ಗುಂಪು, ಒಂದೊಂದು ಗುಂಪಿಗೆ ಒಂದು ದಿನದ ಪಾಳಿ, ಎಂಟು ದಿನಕ್ಕೆ ಒಂದು ಸುತ್ತು. ಹಲವು ವರ್ಷಗಳ ಕಾಲ ಸಂಘದ ಕಾರ್ಯದರ್ಶಿಯವರು ಎಕ್ಸೆಲ್ ಹಾಳೆಯಲ್ಲಿ ಈ ಲೆಕ್ಕ ಇಡುತ್ತಿದ್ದರು. ಪಾಳಿ ಆರಂಭದ ಹಿಂದಿನ ದಿನವನ್ನು ಒಂದು ಕೋಶದಲ್ಲಿ ಬರೆದು, ಇಂದಿನ ದಿನಾಂಕದಿಂದ ಅದನ್ನು ಕಳೆದು, ಬಂದ ಸಂಖ್ಯೆಯನ್ನು 8ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಗುಂಪಿನ ಸಂಖ್ಯೆ. ಶೇಷ ಸೊನ್ನೆಯಾದರೆ ಎಂಟನೇ ಗುಂಪು ಎಂದು ಓದಿಕೊಳ್ಳುವ ಒಂದು ಷರತ್ತನ್ನು ಅವರೇ ಸೂತ್ರಕ್ಕೆ ಸೇರಿಸಿದ್ದರು. ಹಾಳೆಯಲ್ಲಿ ಆ ಷರತ್ತಿಗೆ ವಿವರಣೆ ಇರಲಿಲ್ಲ. ಅದು ಯಾಕಿದೆ ಎಂಬುದು ಅವರೊಬ್ಬರಿಗೇ ಗೊತ್ತಿತ್ತು.

ರೈತರ ಮೊಬೈಲಿಗೆ ಹಿಂದಿನ ರಾತ್ರಿಯೇ ಸಂದೇಶ ಹೋಗಬೇಕು, ತೂಬು ತೆರೆದು ಮುಚ್ಚುವ ಗ್ಯಾಂಗ್‌ಮನ್ ಕೈಗೆ ಬೆಳಿಗ್ಗೆ ಪಟ್ಟಿ ಸಿಗಬೇಕು ಎಂಬ ಉದ್ದೇಶದಿಂದ ಸಂಘ ಇದೆಲ್ಲವನ್ನೂ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಬದಲಾಯಿಸಿತು. ಕೆಲಸ ಮಾಡಿಕೊಟ್ಟವರು ಜಿಲ್ಲೆಯವರೇ ಆದ ಒಬ್ಬ ಯುವ ಪ್ರೋಗ್ರಾಮರ್. ಅವರು ಬರೆದ ಮೊದಲ ಕ್ವೆರಿಯ ತಿರುಳು ಹೀಗಿತ್ತು:

ಗುಂಪು ಸಂಖ್ಯೆ = ಮಾಡ್(ಡೇಟ್‌ಡಿಫ್(ಇಂದಿನ ದಿನ, ಆರಂಭದ ಹಿಂದಿನ ದಿನ), 8)

ಇಲ್ಲಿ ಡೇಟ್‌ಡಿಫ್ ಎರಡು ದಿನಾಂಕಗಳ ನಡುವಿನ ದಿನಗಳನ್ನು ಎಣಿಸುತ್ತದೆ, ಮಾಡ್ ಶೇಷವನ್ನು ಕೊಡುತ್ತದೆ. ಬಂದ ಗುಂಪು ಸಂಖ್ಯೆಯನ್ನು ಗುಂಪುಗಳ ಟೇಬಲ್‌ಗೆ ಜೋಡಿಸಿ, ಹೊಂದುವ ಗುಂಪಿನ ರೈತರ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ತೆಗೆಯುವುದು. ಹಳೆಯ ಹಾಳೆ ಮತ್ತು ಹೊಸ ಕ್ವೆರಿಯ ಉತ್ತರಗಳನ್ನು ಒಂದು ವಾರ ಹೋಲಿಸಿ ನೋಡಿದರು. ಏಳು ದಿನವೂ ಎರಡೂ ಒಂದೇ ಉತ್ತರ ಕೊಟ್ಟವು. ಹಾಳೆಯನ್ನು ನಿಲ್ಲಿಸಲಾಯಿತು.

ಸಮಸ್ಯೆ

ಎಂಟರಿಂದ ಭಾಗಿಸಿದಾಗ ಉಳಿಯಬಹುದಾದ ಶೇಷಗಳು 0ಯಿಂದ 7ರವರೆಗೆ, ಗುಂಪುಗಳ ಸಂಖ್ಯೆ 1ರಿಂದ 8ರವರೆಗೆ. ಎಂಟನೇ ದಿನ ಶೇಷ 0 ಬಂತು. ಟೇಬಲ್‌ನಲ್ಲಿ 0 ಎಂಬ ಗುಂಪಿಲ್ಲ. ಹೀಗೆ ಜೋಡಿಸುವ ಆದೇಶವಾದ ಜಾಯಿನ್ ಒಂದು ಸಾಲನ್ನೂ ಕೊಡಲಿಲ್ಲ. ಸಂದೇಶ ಕಳುಹಿಸುವ ಪ್ರೋಗ್ರಾಂ ಅದನ್ನು ದೋಷವೆಂದು ಪರಿಗಣಿಸದೆ, ಇಂದು ಕಳುಹಿಸಬೇಕಾದದ್ದು ಏನೂ ಇಲ್ಲ ಎಂದು ತಿಳಿದು, ಕೆಲಸ ಯಶಸ್ವಿಯಾಯಿತು ಎಂದೇ ದಾಖಲಿಸಿತು. ಗ್ಯಾಂಗ್‌ಮನ್‌ಗೆ ಹೊಸ ಪಟ್ಟಿ ಬರಲಿಲ್ಲ. ಹಿಂದಿನ ದಿನ ತೆರೆದಿದ್ದ ಏಳನೇ ತೂಬು ತೆರೆದೇ ಉಳಿಯಿತು.

ಇಲ್ಲಿ ಈ ಪ್ರಕರಣದ ಅತ್ಯಂತ ನೋವಿನ ಅಂಶವಿದೆ. ಎಂಟನೇ ತೂಬು ಕಾಲುವೆಯ ಕೊನೆಯ ತೂಬು. ಅಲ್ಲಿನ ರೈತರು ಮೊದಲ ಸುತ್ತಿನಲ್ಲೇ ಬಂದು ದೂರು ಕೊಟ್ಟಿದ್ದರು. ಒಬ್ಬ ಹಿರಿಯರು ಕಚೇರಿಗೆ ಬಂದು, "ಎಂಟ ದಿನಕ್ಕೊಮ್ಮೆ ನಮ್ಮ ಪಾಳಿ ಅಂತೀರಿ, ಆ ದಿನ ಫೋನಿಗೆ ಏನೂ ಬರಂಗಿಲ್ಲ, ನೀರೂ ಬರಂಗಿಲ್ರಿ" ಎಂದು ಸ್ಪಷ್ಟವಾಗಿ ಹೇಳಿದ್ದು ದೂರು ಪುಸ್ತಕದಲ್ಲಿ ದಾಖಲಾಗಿದೆ. ಆದರೆ ಕೊನೆಯ ತೂಬಿಗೆ ನೀರು ತಲುಪದಿರುವುದು ಎಲ್ಲರಿಗೂ ಅಭ್ಯಾಸವಾಗಿಹೋದ ಸಂಗತಿ. ಮೇಲಿನವರು ಎಳೆದುಕೊಂಡಿರಬೇಕು, ಗೇಜ್ ಇಳಿದಿರಬೇಕು, ಕಾಲುವೆಯಲ್ಲಿ ಹೂಳು ತುಂಬಿರಬೇಕು ಎಂಬ ಉತ್ತರಗಳು ಸಿದ್ಧವಾಗಿಯೇ ಇದ್ದವು, ಅವುಗಳಲ್ಲಿ ಒಂದೊಂದೂ ಹಿಂದೆ ಎಂದಾದರೂ ನಿಜವಾಗಿದ್ದದ್ದೇ. ಆ ಹಿರಿಯರು ನೀರಿನ ಜೊತೆಗೆ ಫೋನ್ ಸಂದೇಶದ ಮಾತನ್ನೂ ಆಡಿದ್ದರು. ಕಾಲುವೆಯ ಹೂಳಿಗೂ ಫೋನ್ ಸಂದೇಶಕ್ಕೂ ಸಂಬಂಧವಿಲ್ಲ. ದೂರಿನ ಆ ಅರ್ಧವನ್ನು ಯಾರೂ ಬೇರ್ಪಡಿಸಿ ಕೇಳಲಿಲ್ಲ. ಮೊದಲು ಫೋನ್ ಸಂಖ್ಯೆಗಳನ್ನು ಪರಿಶೀಲಿಸಿದರು, ನಂತರ ಸಂದೇಶ ಸೇವೆ ಒದಗಿಸುವವರನ್ನು ವಿಚಾರಿಸಿದರು. ಅಷ್ಟರಲ್ಲಿ ಮೂವತ್ತೈದು ದಿನ ಕಳೆದಿದ್ದವು. ಎಂಟನೇ ಗುಂಪು ನಾಲ್ಕು ಪಾಳಿ ಕಳೆದುಕೊಂಡಿತ್ತು.

ಕಾರಣವನ್ನು ಬಯಲಿಗೆ ತಂದದ್ದು ಒಂದು ಸರಳ ಎಣಿಕೆ. ಹಂಗಾಮಿನ ಆ 35 ದಿನಗಳಿಗೂ ಶೇಷವನ್ನು ಲೆಕ್ಕ ಹಾಕಿ, ಶೇಷವಾರು ಗುಂಪುಗೂಡಿಸಿ, ಎಷ್ಟು ದಿನ ಎಂದು ಎಣಿಸಿ, ಅದನ್ನು ಗುಂಪುಗಳ ಟೇಬಲ್‌ಗೆ ಹೊಂದದ ಸಾಲನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್‌ನಿಂದ ಜೋಡಿಸಿದೆವು. ಶೇಷ 1, 2, 3ಕ್ಕೆ ತಲಾ ಐದು ದಿನ, 4ರಿಂದ 7ರವರೆಗೆ ತಲಾ ನಾಲ್ಕು ದಿನ, 0ಗೆ ನಾಲ್ಕು ದಿನ. ಸೊನ್ನೆಯ ಎದುರು ಗುಂಪಿನ ಹೆಸರಿನ ಜಾಗ ಖಾಲಿ. ಮೊದಲಿನ ಕ್ವೆರಿಯ ಇನ್ನರ್ ಜಾಯಿನ್ ಹೊಂದದ ಸಾಲನ್ನು ಕೈಬಿಡುತ್ತಿದ್ದುದರಿಂದ ಈ ಖಾಲಿ ಜಾಗ ಯಾರಿಗೂ ಕಂಡಿರಲಿಲ್ಲ. ಪಾಳಿ, ಸರದಿ, ವೇಳಾಪಟ್ಟಿಯಂಥ ಲೆಕ್ಕಗಳಲ್ಲಿ ಯಾರಿಗೆ ಸಿಕ್ಕಿತು ಎಂದು ಕೇಳುವ ಕ್ವೆರಿಯ ಜೊತೆಗೆ ಯಾರಿಗೆ ಸಿಗಲಿಲ್ಲ ಎಂದು ಕೇಳುವ ಕ್ವೆರಿಯೂ ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ತಿದ್ದುಪಡಿ

ಕಾರಣ ತಿಳಿದ ರಾತ್ರಿಯೇ ಪ್ರೋಗ್ರಾಮರ್ ಸೂತ್ರದ ಕೊನೆಗೆ 1 ಕೂಡಿಸಿದರು. ಈಗ ಉತ್ತರಗಳು 1ರಿಂದ 8ರವರೆಗೆ ಬರುತ್ತವೆ, ಎಲ್ಲ ಗುಂಪಿಗೂ ಪಾಳಿ ಸಿಗುತ್ತದೆ. ಗಣಿತವಾಗಿ ನೋಡಿದರೆ ಸುತ್ತು ಪೂರ್ಣವಾಗಿತ್ತು. ಆದರೆ ಹಂಗಾಮು ನಡುವಿನಲ್ಲಿತ್ತು. 35ನೇ ದಿನ ಶೇಷ 3, ಮೂರನೇ ಗುಂಪು ನೀರು ಹಾಯಿಸಿತ್ತು. 36ನೇ ದಿನ ಶೇಷ 4, ಅದಕ್ಕೆ 1 ಕೂಡಿಸಿದರೆ 5. ನಾಲ್ಕನೇ ಗುಂಪಿನವರು ಬೆಳಿಗ್ಗೆ ಹೊಲಕ್ಕೆ ಹೋಗಿ ನೋಡಿದರೆ ತೂಬು ಮುಚ್ಚಿತ್ತು. ಎಂಟನೇ ಗುಂಪಿಗೆ ಆಗಿದ್ದ ಅನ್ಯಾಯವನ್ನು ಸರಿಪಡಿಸುವ ಹೆಸರಿನಲ್ಲಿ ನಾಲ್ಕನೇ ಗುಂಪಿನ ಒಂದು ಪಾಳಿ ಹೋಯಿತು, ಅದೂ ಹತ್ತಿ ಕಾಯಿ ಕಟ್ಟುವ ಹೊತ್ತಿನಲ್ಲಿ.

ಸರಿಯಾದ ಸೂತ್ರಕ್ಕೆ ಭಾಗಿಸುವ ಮೊದಲು 1 ಕಳೆದು, ಭಾಗಿಸಿದ ಮೇಲೆ 1 ಕೂಡಿಸಬೇಕು:

ಗುಂಪು = ಮಾಡ್(ದಿನ − 1, 8) + 1

ಮೊದಲ ದಿನಕ್ಕೆ ಮಾಡ್(0, 8) + 1, ಅಂದರೆ 1. ಎಂಟನೇ ದಿನಕ್ಕೆ ಮಾಡ್(7, 8) + 1, ಅಂದರೆ 8. ಒಂಬತ್ತನೇ ದಿನಕ್ಕೆ ಮತ್ತೆ 1. ಹಳೆಯ ಪಟ್ಟಿಯ ಯಾವ ದಿನವೂ ಕದಲುವುದಿಲ್ಲ, ಸೊನ್ನೆ ಇದ್ದಲ್ಲಿ ಮಾತ್ರ 8 ಬಂದು ಕೂರುತ್ತದೆ. ಇದನ್ನು ಹಾಕಿದಾಗ 37ನೇ ದಿನಕ್ಕೆ ಮತ್ತೆ 5 ಬಂತು, ಐದನೇ ಗುಂಪಿಗೆ ಸತತ ಎರಡು ದಿನ. ಸಂಘದ ಅಧ್ಯಕ್ಷರು ಐದನೇ ಗುಂಪಿನ ಹಿರಿಯರನ್ನು ಕರೆಸಿ ಮಾತಾಡಿ, ಆ ದಿನವನ್ನು ನಾಲ್ಕನೇ ಗುಂಪಿಗೆ ಬಿಡಿಸಿಕೊಟ್ಟರು. ಈ ಅದಲುಬದಲನ್ನು ದಾಖಲಿಸಲು ಡೇಟಾಬೇಸ್‌ನಲ್ಲಿ ಜಾಗವೇ ಇರಲಿಲ್ಲ. ವಿನಾಯಿತಿ ದಿನಗಳಿಗೆ ಪ್ರತ್ಯೇಕ ಟೇಬಲ್ ಬೇಕೆಂಬ ಅರಿವು ಬಂದದ್ದು ಆಗ.

ಎರಡನೇ ಬೆಳೆ ಮತ್ತು ಋಣ ಶೇಷ

ಮುಂಗಾರು ಹಂಗಾಮಿನ ಕೊನೆಯ ವಾರಗಳಲ್ಲಿ, ಎರಡನೇ ಬೆಳೆಗೆ ನೀರು ಬಿಡುವ ದಿನ ತಿಳಿದ ಕೂಡಲೇ, ಕಾರ್ಯದರ್ಶಿಯವರು ಹೊಸ ಆರಂಭ ದಿನವನ್ನು ಮುಂಚಿತವಾಗಿಯೇ ಡೇಟಾಬೇಸ್‌ಗೆ ಹಾಕಿದರು. ಎಕ್ಸೆಲ್ ಹಾಳೆ ಬಳಸುತ್ತಿದ್ದಾಗಲೂ ಹಾಗೆಯೇ ಮಾಡುತ್ತಿದ್ದರು, ಎಂದೂ ತೊಂದರೆಯಾಗಿರಲಿಲ್ಲ. ಸೆಟ್ಟಿಂಗ್ ಟೇಬಲ್‌ನಲ್ಲಿ ಆರಂಭ ದಿನಕ್ಕೆ ಇದ್ದದ್ದು ಒಂದೇ ಸಾಲು. ಹೊಸದನ್ನು ಬರೆದಾಗ ಹಳೆಯದು ಅಳಿಸಿಹೋಯಿತು. ಆ ಕ್ಷಣದಿಂದ ಇಂದಿನ ದಿನಾಂಕ ಆರಂಭದ ದಿನಕ್ಕಿಂತ ಹಿಂದಿನದಾಯಿತು, ದಿನಗಳ ಅಂತರ ಋಣ ಸಂಖ್ಯೆಯಾಯಿತು, ಪಟ್ಟಿಯಲ್ಲಿ ಗುಂಪು −4, ಗುಂಪು −3 ಎಂದು ಬರತೊಡಗಿತು.

ಎಕ್ಸೆಲ್‌ನಲ್ಲಿ ಯಾಕೆ ಹೀಗಾಗಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಹಾಳೆಯಿಂದ ಡೇಟಾಬೇಸ್‌ಗೆ ಬದಲಾಗುವ ಪ್ರತಿಯೊಬ್ಬರೂ ಈ ಹಾದಿಯಲ್ಲೇ ಬರುತ್ತಾರೆ. ಭಾಜ್ಯ ಎಂದರೆ ಭಾಜಕ ಮತ್ತು ಭಾಗಲಬ್ಧಗಳ ಗುಣಲಬ್ಧಕ್ಕೆ ಶೇಷವನ್ನು ಕೂಡಿಸಿದ್ದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. −3 ಅನ್ನು 8ರಿಂದ ಭಾಗಿಸುವಾಗ ಈ ನಿಯಮಕ್ಕೆ ಎರಡು ಉತ್ತರಗಳು ಹೊಂದುತ್ತವೆ: ಭಾಗಲಬ್ಧ −1 ಎಂದು ಹಿಡಿದರೆ ಶೇಷ 5, ಭಾಗಲಬ್ಧ 0 ಎಂದು ಹಿಡಿದರೆ ಶೇಷ −3. ಎಕ್ಸೆಲ್‌ನ ಮಾಡ್ ಫಂಕ್ಷನ್ ಭಾಗಲಬ್ಧವನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದರಿಂದ ಶೇಷಕ್ಕೆ ಭಾಜಕದ ಚಿಹ್ನೆ ಬರುತ್ತದೆ, ಉತ್ತರ 5. ಪೈಥಾನ್ ಭಾಷೆಯೂ 5 ಎನ್ನುತ್ತದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್, ಒರಾಕಲ್ ಡೇಟಾಬೇಸ್‌ಗಳೆಲ್ಲ ಭಾಗಲಬ್ಧದ ದಶಮಾಂಶವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತವೆ. ಶೇಷಕ್ಕೆ ಭಾಜ್ಯದ ಚಿಹ್ನೆ ಬರುತ್ತದೆ, ಉತ್ತರ −3. ಯಾವುದೂ ತಪ್ಪಲ್ಲ. ಸರದಿಯ ಲೆಕ್ಕಕ್ಕೆ ಬೇಕಾದದ್ದು ಮಾತ್ರ ಮೊದಲನೆಯದು, ಏಕೆಂದರೆ ಸುತ್ತು ಹಿಂದಕ್ಕೂ ಮುಂದಕ್ಕೂ ಒಂದೇ ದಿಕ್ಕಿನಲ್ಲಿ ತಿರುಗಬೇಕು.

ಋಣ ಚಿಹ್ನೆ ಕಂಡಾಗ ಮಾಡಿದ ತಿದ್ದುಪಡಿ ಈ ಪ್ರಕರಣದ ಅತ್ಯಂತ ದೊಡ್ಡ ತಿರುವು. ಶೇಷದ ಮೇಲೆ ಆ್ಯಬ್ಸ್ ಫಂಕ್ಷನ್ ಹಾಕಿ ಚಿಹ್ನೆಯನ್ನು ತೆಗೆದುಹಾಕಲಾಯಿತು. ಕೂಡಲೇ ಎಲ್ಲ ಉತ್ತರಗಳೂ 1ರಿಂದ 8ರೊಳಗೆ ಬಂದವು, ಪಟ್ಟಿ ಶುಚಿಯಾಗಿ ಕಂಡಿತು, ಸಂದೇಶಗಳು ಹೋದವು. ಆದರೆ ಸರದಿ ಹಿಂದುಮುಂದಾಗಿತ್ತು. ಆರಂಭ ದಿನ ಹತ್ತಿರವಾದಂತೆ ಋಣ ಸಂಖ್ಯೆಯ ಗಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಚಿಹ್ನೆ ಅಳಿಸಿದರೆ ಉಳಿಯುವುದು ಇಳಿಯುವ ಎಣಿಕೆ. 1, 2, 3, 4, 5, 6, 7, 8 ಎಂದು ಬರಬೇಕಾದ ಸರದಿ 1, 8, 7, 6, 5, 4, 3, 2 ಎಂದು ಬಂತು. ಎರಡನೇ ದಿನವೇ ಪಾಳಿ ಪಡೆಯಬೇಕಾಗಿದ್ದ ಗುಂಪು ಎಂಟನೇ ದಿನದವರೆಗೆ ಕಾಯಬೇಕಾಯಿತು.

ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಎರಡು ಗುಂಪುಗಳು ಮಾತ್ರ ಎರಡರಲ್ಲೂ ಒಂದೇ ದಿನಕ್ಕೆ ಬರುತ್ತವೆ: ಮೊದಲನೆಯದು ಮತ್ತು ಐದನೆಯದು. ತಿದ್ದುಪಡಿ ಸರಿಯಾಗಿದೆಯೇ ಎಂದು ಪರಿಶೀಲಿಸಿದ್ದು ಮೊದಲ ಗುಂಪಿನ ದಿನ. ಅಧ್ಯಕ್ಷರ ಹೊಲವೂ ಅದೇ ತೂಬಿನ ಮೇಲಿತ್ತು. ಅವರಿಗೆ ಸಂದೇಶ ಬಂತು, ದಿನ ಸರಿಯಿತ್ತು, ಒಪ್ಪಿಗೆ ಸಿಕ್ಕಿತು. ಋಣ ಸಂಖ್ಯೆಗಳು ಕಣ್ಣಿಗೆ ಕಾಣುತ್ತಿದ್ದಾಗ ತಪ್ಪಿದೆ ಎಂಬುದಾದರೂ ತಿಳಿದಿತ್ತು. ಆ್ಯಬ್ಸ್ ಹಾಕಿದ ಮೇಲೆ ಆ ಸುಳಿವೂ ಹೋಯಿತು. ಅಸಾಧ್ಯವಾದ ಉತ್ತರವನ್ನು ಸಾಧ್ಯವೆನಿಸುವ ಉತ್ತರವಾಗಿ ಬದಲಿಸುವ ಯಾವ ತಿದ್ದುಪಡಿಯನ್ನೂ, ಆ ಅಸಾಧ್ಯ ಉತ್ತರ ಯಾಕೆ ಬಂತೆಂದು ತಿಳಿಯುವವರೆಗೆ ಒಪ್ಪಬಾರದೆಂದು ನಾನು ಈ ಪ್ರಕರಣದ ಬಳಿಕ ಎಲ್ಲರಿಗೂ ಹೇಳುತ್ತಿದ್ದೇನೆ.

ಸರಿಯಾದ ತಿದ್ದುಪಡಿ ಶೇಷಕ್ಕೆ ಭಾಜಕವನ್ನು ಕೂಡಿಸಿ ಮತ್ತೊಮ್ಮೆ ಶೇಷ ತೆಗೆಯುವುದು:

ಗುಂಪು = ಮಾಡ್(ಮಾಡ್(ದಿನ − 1, 8) + 8, 8) + 1

ಒಳಗಿನ ಶೇಷ −3 ಆಗಿದ್ದರೆ 8 ಕೂಡಿಸಿ 5, ಮತ್ತೆ 8ರಿಂದ ಭಾಗಿಸಿ 5, ಗುಂಪು 6. ಒಳಗಿನ ಶೇಷ ಧನಾತ್ಮಕವಾಗಿ 3 ಆಗಿದ್ದರೆ 8 ಕೂಡಿಸಿ 11, ಮತ್ತೆ ಭಾಗಿಸಿದರೆ 3, ಗುಂಪು 4. ಎರಡು ಕಡೆಗೂ ಒಂದೇ ಸೂತ್ರ ಸಾಕು.

ನೀರು ಹರಿದ ದಿನಗಳ ಎಣಿಕೆ

ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ಋಣ ಸಂಖ್ಯೆಯ ಮೂಲವನ್ನು ಹುಡುಕಿದಾಗ ಇನ್ನೂ ಆಳದ ಪ್ರಶ್ನೆಯೊಂದು ಎದುರಾಯಿತು. ಪಾಳಿಯನ್ನು ಕ್ಯಾಲೆಂಡರ್ ದಿನಗಳ ಮೇಲೆ ಲೆಕ್ಕ ಹಾಕುವುದೇ ಸರಿಯೆ? ಕಾಲುವೆ ಎಲ್ಲ ದಿನವೂ ಹರಿಯುವುದಿಲ್ಲ. ಆನ್ ಅಂಡ್ ಆಫ್ ಪದ್ಧತಿಯಲ್ಲಿ ಕೆಲವು ದಿನ ಬಂದ್ ಇರುತ್ತದೆ. ಬೋಂಗಾ (ದಂಡೆಯಲ್ಲಿ ತೂತು) ಬಿದ್ದರೆ, ದಂಡೆ ಒಡೆದರೆ ದುರಸ್ತಿಗೆ ನಿಲ್ಲಿಸುತ್ತಾರೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಕಂಡ ಈ ಭಾಗದ ಜನರಿಗೆ ನೀರು ಹರಿಯುವ ದಿನಗಳನ್ನು ಮೊದಲೇ ಖಚಿತವಾಗಿ ಬರೆದಿಡಲಾಗದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಮೂರು ದಿನ ನಿಂತರೆ ಕ್ಯಾಲೆಂಡರ್ ಲೆಕ್ಕದಲ್ಲಿ ಆ ಮೂರು ದಿನದ ಗುಂಪುಗಳ ಪಾಳಿ ಕಾಗದದ ಮೇಲೆ ಮುಗಿದುಹೋಗುತ್ತದೆ. ಕಾರ್ಯದರ್ಶಿಯವರು ಹಿಂದೆ ಇಂಥ ಸಂದರ್ಭದಲ್ಲಿ ಹಾಳೆಯ ಆರಂಭ ದಿನವನ್ನೇ ಮೂರು ದಿನ ಮುಂದಕ್ಕೆ ತಳ್ಳುತ್ತಿದ್ದರು. ಉತ್ತರ ಸರಿ ಬರುತ್ತಿತ್ತು, ಆದರೆ ಹಿಂದಿನ ದಿನಗಳ ದಾಖಲೆಯೆಲ್ಲ ಬದಲಾಗಿಬಿಡುತ್ತಿತ್ತು.

ಆದ್ದರಿಂದ ಹರಿದ ದಿನಗಳ ಟೇಬಲ್ ಒಂದನ್ನು ಮಾಡಲಾಯಿತು. ತೂಬಿಗೆ ನೀರು ಮುಟ್ಟಿದ ಪ್ರತಿ ದಿನಕ್ಕೆ ಒಂದು ಸಾಲು, ಗ್ಯಾಂಗ್‌ಮನ್ ಗೇಜ್ ನೋಡಿ ದೃಢಪಡಿಸಿದ ಮೇಲೆಯೇ ಸಾಲು ಸೇರುತ್ತದೆ. ಆ ಸಾಲುಗಳಿಗೆ ದಿನಾಂಕದ ಕ್ರಮದಲ್ಲಿ ರೋ ನಂಬರ್ ಎಂಬ ವಿಂಡೋ ಫಂಕ್ಷನ್ ಸಂಖ್ಯೆ ಕೊಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದು 8.0 ಆವೃತ್ತಿಯಿಂದ ಇದೆ. ಶೇಷವನ್ನು ದಿನಾಂಕಗಳ ವ್ಯತ್ಯಾಸದ ಮೇಲೆ ತೆಗೆಯದೆ ಈ ಸಂಖ್ಯೆಯ ಮೇಲೆ ತೆಗೆಯುತ್ತಾರೆ. ಸಂಖ್ಯೆ 1ರಿಂದಲೇ ಆರಂಭವಾಗುವುದರಿಂದ ಋಣ ಶೇಷದ ಪ್ರಶ್ನೆಯೂ ಇಲ್ಲಿ ಏಳುವುದಿಲ್ಲ. ನಾಳೆಯ ಪಟ್ಟಿ ಬೇಕಾದರೆ ಕೊನೆಯ ಸಂಖ್ಯೆಗೆ 1 ಕೂಡಿಸಿದರಾಯಿತು, ನೀರು ಬಾರದಿದ್ದರೆ ಅದೇ ಪಟ್ಟಿ ಮರುದಿನಕ್ಕೆ ಮುಂದುವರಿಯುತ್ತದೆ.

ಗುಂಟೆ ಮತ್ತು ನಿಮಿಷ

ಗುಂಪಿನ ದಿನ ನಿಗದಿಯಾದ ಮೇಲೆ ಗುಂಪಿನೊಳಗೆ ಒಬ್ಬೊಬ್ಬ ರೈತನಿಗೆ ಎಷ್ಟು ಹೊತ್ತು ಎಂಬ ಲೆಕ್ಕ ಉಳಿಯುತ್ತದೆ. ಅಲ್ಲಿಯೂ ಶೇಷ ಕಾದಿತ್ತು.

ನಮ್ಮ ಕಡೆ ಎರಡು ಎಕರೆ ಹದಿನೈದು ಗುಂಟೆಯನ್ನು 2.15 ಎಂದು ಬರೆಯುವ ರೂಢಿ ಬಹಳ ಹಳೆಯದು. ಕಾಗದದ ಮೇಲೆ ಇದರಿಂದ ಯಾರಿಗೂ ಗೊಂದಲವಿಲ್ಲ. ಆದರೆ ಡೇಟಾಬೇಸ್ ಅದನ್ನು ದಶಮಾಂಶವೆಂದೇ ಓದುತ್ತದೆ. 2.15ಕ್ಕೆ 1.30 ಕೂಡಿಸಿದರೆ ಅದು 3.45 ಎನ್ನುತ್ತದೆ, 40 ಗುಂಟೆಗೆ ಒಂದು ಎಕರೆಯಾದ್ದರಿಂದ ನಿಜವಾದ ಮೊತ್ತ 4 ಎಕರೆ 5 ಗುಂಟೆ. ಇದನ್ನು ಬಲ್ಲ ಪ್ರೋಗ್ರಾಮರ್ ವಿಸ್ತೀರ್ಣವನ್ನು 1ರಿಂದ ಭಾಗಿಸಿ, ಬಂದ ಶೇಷವನ್ನು 100ರಿಂದ ಗುಣಿಸಿ ಗುಂಟೆಯನ್ನು ಬೇರೆ ತೆಗೆಯಲು ಹೊರಟಿದ್ದರು. ಯೋಚನೆ ಸರಿಯಾಗಿತ್ತು, ಕಾಲಂನ ವಿಧ ಕೈಕೊಟ್ಟಿತು. ಡಬಲ್ ಎಂಬ ವಿಧದ ಕಾಲಂ 2.15 ಅನ್ನು ಇದ್ದಂತೆ ಇಟ್ಟುಕೊಳ್ಳಲಾರದು, ಅದಕ್ಕಿಂತ ಎಳ್ಳಷ್ಟು ಕಡಿಮೆಯ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಹಾಗಾಗಿ ಶೇಷ 0.15 ಬರುವ ಬದಲು 0.1499… ಎಂದು ಬಂದು, ನೂರರಿಂದ ಗುಣಿಸಿ ದಶಮಾಂಶ ಕತ್ತರಿಸಿದಾಗ 14 ಗುಂಟೆಯಾಯಿತು. ಕಾಲಂ ಡೆಸಿಮಲ್ ವಿಧದ್ದಾಗಿದ್ದರೆ ಈ ದೋಷ ಬರುತ್ತಿರಲಿಲ್ಲ. ಕೊನೆಗೆ ಎಲ್ಲರ ಜಮೀನನ್ನೂ ಪಹಣಿ ನೋಡಿ ಗುಂಟೆಯ ಪೂರ್ಣಾಂಕವಾಗಿಯೇ ಬರೆದಿಡಲಾಯಿತು: 2 ಎಕರೆ 15 ಗುಂಟೆ ಅಂದರೆ 95. ತೋರಿಸುವಾಗ 95 ಅನ್ನು 40ರಿಂದ ಭಾಗಿಸಿದ ಭಾಗಲಬ್ಧ ಎಕರೆ, ಶೇಷ ಗುಂಟೆ.

ಎಂಟನೇ ಗುಂಪಿನ ಒಟ್ಟು ಜಮೀನು 67 ಎಕರೆ 20 ಗುಂಟೆ, ಅಂದರೆ 2700 ಗುಂಟೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 1440 ನಿಮಿಷ. ಹಳೆಯ ಕ್ವೆರಿ ಎಕರೆಗೆ ಎಷ್ಟು ನಿಮಿಷ ಎಂದು ಪೂರ್ಣಾಂಕ ಭಾಗಾಕಾರ ಮಾಡಿ, ಮೇಲಿನ 20 ಗುಂಟೆಯನ್ನು ಬಿಟ್ಟು 1440 ಭಾಗಿಸು 67, ಅಂದರೆ 21 ಎಂದು ಹಿಡಿದು ಹಂಚುತ್ತಿತ್ತು. 67ನ್ನು 21ರಿಂದ ಗುಣಿಸಿದರೆ 1407. ಉಳಿದ 33 ನಿಮಿಷ ಯಾರ ಹೆಸರಿನಲ್ಲೂ ಇರಲಿಲ್ಲ. ಆ ಹೊತ್ತಿನ ನೀರು ಹಳ್ಳಕ್ಕೆ ಹೋಗುತ್ತಿತ್ತು, ಇಲ್ಲವೆ ಮೇಲಿನ ತೂಬನ್ನು ಬೇಗ ತೆರೆದವರ ಪಾಲಾಗುತ್ತಿತ್ತು.

ಹೊಸ ಕ್ರಮದಲ್ಲಿ ಮೊದಲು ಗುಣಿಸಿ ಆಮೇಲೆ ಭಾಗಿಸುತ್ತಾರೆ. 95 ಗುಂಟೆಯವರಿಗೆ 1440 × 95 = 1,36,800; ಅದನ್ನು 2700ರಿಂದ ಭಾಗಿಸಿದರೆ 50 ನಿಮಿಷ, ಶೇಷ 1800. 108 ಗುಂಟೆಯವರಿಗೆ 57 ನಿಮಿಷ, ಶೇಷ 1620. 120 ಗುಂಟೆಯವರಿಗೆ ಸರಿಯಾಗಿ 64 ನಿಮಿಷ, ಶೇಷ ಇಲ್ಲ. ಎಲ್ಲರ ಪೂರ್ಣ ನಿಮಿಷಗಳನ್ನೂ ಕೂಡಿಸಿದ ಮೇಲೆ 1440ಕ್ಕೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟು ನಿಮಿಷಗಳನ್ನು, ಶೇಷ ಹೆಚ್ಚಿರುವವರಿಂದ ಆರಂಭಿಸಿ ಒಬ್ಬೊಬ್ಬರಿಗೆ ಒಂದೊಂದರಂತೆ ಕೊಡುತ್ತಾರೆ. ಶಾಸನಸಭೆಯ ಸ್ಥಾನಗಳನ್ನು ಮತಪ್ರಮಾಣಕ್ಕೆ ಅನುಗುಣವಾಗಿ ಹಂಚಲು ಹಲವು ದೇಶಗಳು ಬಳಸುವ ಗರಿಷ್ಠ ಶೇಷ ವಿಧಾನವೇ ಇದು. ಇಬ್ಬರ ಶೇಷ ಸಮವಾದಾಗ ಯಾರಿಗೆ ಮೊದಲು ಎಂಬುದನ್ನು ಕ್ವೆರಿ ತಾನಾಗಿ ತೀರ್ಮಾನಿಸಲಾರದು. ಆರ್ಡರ್ ಬೈ ಭಾಗದಲ್ಲಿ ಏನೂ ಹೇಳದಿದ್ದರೆ ಡೇಟಾಬೇಸ್ ಯಾವ ಕ್ರಮವನ್ನಾದರೂ ಕೊಡಬಹುದು. ಸಭೆಯಲ್ಲಿ ಚರ್ಚೆಯಾಗಿ, ಸಮ ಶೇಷವಿದ್ದರೆ ತೂಬಿನಿಂದ ದೂರದ ಹೊಲಕ್ಕೆ ಮೊದಲು ಎಂದು ಠರಾವಾಯಿತು. ಒಂದು ನಿಮಿಷದಿಂದ ಬೆಳೆ ಉಳಿಯುವುದಿಲ್ಲ. ಆದರೆ ಲೆಕ್ಕದ ತುಣುಕು ಕೂಡ ತಮ್ಮ ಕಡೆಗೆ ವಾಲಬಹುದು ಎಂಬುದನ್ನು ಕೊನೆಯ ಹೊಲದವರು ಕಂಡದ್ದು ಅದೇ ಮೊದಲು, ಅದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಒಂದು ಗುಂಪಿನ ವಿಸ್ತೀರ್ಣ ತುಂಬದೆ ಸೊನ್ನೆಯಾಗಿ ಉಳಿದಿದ್ದಾಗ ನಿಮಿಷದ ಕಾಲಂ ನಲ್ (ಖಾಲಿ ಮೌಲ್ಯ) ಆಗಿ ಬಂದದ್ದೂ ಉಂಟು. ಸೊನ್ನೆಯಿಂದ ಭಾಗಿಸಿದ ಶೇಷ ಕೇಳಿದರೆ ಸೆಲೆಕ್ಟ್ ಕ್ವೆರಿಯಲ್ಲಿ ಮೈಎಸ್‌ಕ್ಯೂಎಲ್ ನಲ್ ಕೊಡುತ್ತದೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ದೋಷ ತೋರಿಸಿ ನಿಲ್ಲುತ್ತದೆ, ಒರಾಕಲ್‌ನ ಮಾಡ್ ಭಾಜ್ಯವನ್ನೇ ಮರಳಿಸುತ್ತದೆ. ಈ ಸಂಘದಂಥ ಕಡೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ನಡತೆಯೇ ಮೇಲು, ಯಾಕೆಂದರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಬೇರೆ ಡೇಟಾಬೇಸ್ ಬಳಸುವವರು ಇನ್ನೂ ಕೆಲವನ್ನು ಗಮನಿಸಬೇಕು: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮಾಡ್ ಫಂಕ್ಷನ್ ಇಲ್ಲ, % ಚಿಹ್ನೆಯನ್ನೇ ಬಳಸಬೇಕು, ಒರಾಕಲ್‌ನಲ್ಲಿ % ಚಿಹ್ನೆ ಇಲ್ಲ, ಮಾಡ್ ಬಳಸಬೇಕು. ಒರಾಕಲ್‌ನ ರಿಮೈಂಡರ್ ಎಂಬ ಫಂಕ್ಷನ್ ಭಾಗಲಬ್ಧವನ್ನು ಹತ್ತಿರದ ಪೂರ್ಣಾಂಕಕ್ಕೆ ಒಯ್ಯುವುದರಿಂದ 11 ಮತ್ತು 4ಕ್ಕೆ ಅದು −1 ಎನ್ನುತ್ತದೆ, ಮಾಡ್ 3 ಎನ್ನುತ್ತದೆ. ಡೇಟ್‌ಡಿಫ್‌ನಲ್ಲಿ ಮೈಎಸ್‌ಕ್ಯೂಎಲ್ ನಂತರದ ದಿನವನ್ನು ಮೊದಲು ಕೇಳಿದರೆ ಎಸ್‌ಕ್ಯೂಎಲ್ ಸರ್ವರ್ ಆರಂಭದ ದಿನವನ್ನು ಮೊದಲು ಕೇಳುತ್ತದೆ. ಒಂದರ ಕ್ವೆರಿಯನ್ನು ಇನ್ನೊಂದಕ್ಕೆ ಒಯ್ಯುವಾಗ ಕ್ರಮ ಬದಲಿಸದಿದ್ದರೆ ಚಿಹ್ನೆ ತಿರುಗಿ ಮತ್ತೆ ಋಣ ಶೇಷ.

ಹಂಗಾಮಿನ ಶೇಷ

ಎಲ್ಲ ಸೂತ್ರಗಳೂ ಸರಿಯಾದ ಮೇಲೆ, ಹರಿದ ದಿನಗಳ ಟೇಬಲ್ ಪೂರ್ಣವಾದಾಗ, ಯಾರೂ ಕೇಳದಿದ್ದ ಒಂದು ಪ್ರಶ್ನೆ ಎದುರಿಗೆ ಬಂತು. ಆ ಹಂಗಾಮಿನಲ್ಲಿ ನೀರು ಹರಿದದ್ದು 117 ದಿನ. 117 ಎಂದರೆ ಎಂಟರ ಹದಿನಾಲ್ಕು ಸುತ್ತು, ಮೇಲೆ 5 ದಿನ. ಸೂತ್ರದಂತೆ ಒಂದರಿಂದ ಐದರವರೆಗಿನ ಗುಂಪುಗಳಿಗೆ 15 ಪಾಳಿ, ಆರು, ಏಳು, ಎಂಟಕ್ಕೆ 14. ಪ್ರತಿ ಹಂಗಾಮೂ ಮೊದಲ ಗುಂಪಿನಿಂದಲೇ ಆರಂಭವಾಗುವುದರಿಂದ, ಹರಿದ ದಿನಗಳು ಎಂಟರ ಅಪವರ್ತ್ಯವಾಗದ ಪ್ರತಿ ಹಂಗಾಮಿನಲ್ಲೂ ಕೊರತೆ ಕೆಳಗಿನ ತೂಬುಗಳಿಗೇ ಬೀಳುತ್ತದೆ, ಎಂಟನೆಯದಕ್ಕೆ ತಪ್ಪದೆ ಬೀಳುತ್ತದೆ. ಇದು ಕ್ವೆರಿಯ ದೋಷವಲ್ಲ; ಎಕ್ಸೆಲ್ ಹಾಳೆಯಲ್ಲೂ ಇತ್ತು, ಅದಕ್ಕೂ ಮೊದಲಿನ ಬರಹದ ಪುಸ್ತಕದಲ್ಲೂ ಇತ್ತು.

ಪರಿಹಾರ ಒಂದೇ ಸಂಖ್ಯೆಯದು. ಹಂಗಾಮುಗಳ ಟೇಬಲ್‌ನಲ್ಲಿ ಹಿಂದಿನ ಹಂಗಾಮಿನ ಶೇಷವನ್ನು ಒಂದು ಕಾಲಂನಲ್ಲಿ ಉಳಿಸಿ, ಹೊಸ ಹಂಗಾಮಿನ ದಿನದ ಸಂಖ್ಯೆಗೆ ಅದನ್ನು ಕೂಡಿಸುವುದು:

ಗುಂಪು = ಮಾಡ್(ದಿನ − 1 + ಹಿಂದಿನ ಶೇಷ, 8) + 1

ಹಿಂದಿನ ಶೇಷ 5 ಆಗಿದ್ದರೆ ಮೊದಲ ದಿನ ಆರನೇ ಗುಂಪಿಗೆ ಬರುತ್ತದೆ, ಸುತ್ತು ನಿಂತಲ್ಲಿಂದ ಮುಂದುವರಿಯುತ್ತದೆ. ಹಂಗಾಮು ಮುಗಿದಾಗ ಹರಿದ ದಿನ ಮತ್ತು ಹಳೆಯ ಶೇಷ ಎರಡನ್ನೂ ಕೂಡಿಸಿ ಎಂಟರಿಂದ ಭಾಗಿಸಿದರೆ ಮುಂದಿನದಕ್ಕೆ ಒಯ್ಯಬೇಕಾದ ಶೇಷ ಸಿಗುತ್ತದೆ. ಎಲ್ಲ ಹಂಗಾಮುಗಳ ದಿನಗಳನ್ನೂ ಒಂದೇ ಎಣಿಕೆಯಲ್ಲಿ ಮುಂದುವರಿಸಬಹುದಲ್ಲ ಎಂಬ ಸಲಹೆಯೂ ಬಂದಿತ್ತು. ಅದನ್ನು ಕೈಬಿಟ್ಟದ್ದಕ್ಕೆ ಕಾರಣವಿದೆ: ನಾಳೆ ಒಂಬತ್ತನೇ ತೂಬು ಸೇರಿ ಭಾಜಕ 9 ಆದರೆ, ಹಳೆಯ ದಿನಗಳೆಲ್ಲ ಹೊಸ ಭಾಜಕದಿಂದ ಭಾಗವಾಗಿ ಹಿಂದಿನ ದಾಖಲೆ ಪೂರ್ತಿ ಕಲಸಿಹೋಗುತ್ತದೆ. ಹಾಗಾಗಿ ಭಾಜಕವನ್ನೂ ಹಂಗಾಮಿನ ಟೇಬಲ್‌ನಲ್ಲೇ ಇಡಲಾಯಿತು. ಕ್ವೆರಿಯಲ್ಲಿ 8 ಎಂಬ ಅಂಕಿ ಈಗ ಎಲ್ಲೂ ಇಲ್ಲ.

ಸಾಮಾನ್ಯ ಸಭೆಯಲ್ಲಿ ಮೇಲಿನ ತೂಬಿನವರು ಒಪ್ಪಲು ಹೊತ್ತು ಹಿಡಿಯಿತು. ಕಾಲುವೆಗೆ ನೀರು ಬಿಟ್ಟ ಮೊದಲ ದಿನ ಆರನೇ ತೂಬಿಗೆ ಹೋಗಬೇಕಾದರೆ ದಾರಿಯಲ್ಲೇ ಎಷ್ಟೋ ನೀರು ಇಂಗಿಹೋಗುತ್ತದೆ, ಒಣಗಿದ ಕಾಲುವೆಯನ್ನು ಮೇಲಿನಿಂದ ತುಂಬಿಸುತ್ತಾ ಬರುವುದೇ ಲೇಸು ಎಂಬ ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಉಳಿದ ಠರಾವು ಎರಡೂ ಕಡೆಯನ್ನು ಗಣನೆಗೆ ತೆಗೆದುಕೊಂಡಿತು: ನೀರು ಬಿಟ್ಟ ಮೊದಲ ಎರಡು ದಿನಗಳನ್ನು ಕಾಲುವೆ ತುಂಬುವ ದಿನಗಳೆಂದು ಪರಿಗಣಿಸಿ ಹರಿದ ದಿನಗಳ ಟೇಬಲ್‌ಗೆ ಸೇರಿಸುವುದಿಲ್ಲ, ಮೂರನೇ ದಿನದಿಂದ ಎಣಿಕೆ ಆರಂಭ, ಹಿಂದಿನ ಶೇಷ ಸೇರಿಸಿ. ಪಟ್ಟಿಯ ಕೆಳಗೆ ಈಗ ಪ್ರತಿ ಗುಂಪಿಗೆ ಈವರೆಗೆ ಸಿಕ್ಕ ಪಾಳಿಗಳ ಎಣಿಕೆ ಅಚ್ಚಾಗುತ್ತದೆ, ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನಡುವಿನ ಅಂತರ ಒಂದನ್ನು ಮೀರಿದರೆ ಕ್ವೆರಿ ಸಂದೇಶ ಕಳುಹಿಸದೆ ನಿಂತು ಕಾರ್ಯದರ್ಶಿಯವರಿಗೆ ತಿಳಿಸುತ್ತದೆ.